ಆಪರೇಷನ್‌ಗೆ ಮುಂಚೆ, ಆಮೇಲೆ: ಬಾಯಿಯ ಆರೈಕೆ ಮತ್ತು ಊಟ

ಆಪರೇಷನ್ ದಿನ ಗೊತ್ತಾದ ಕೂಡಲೇ ರಕ್ತಪರೀಕ್ಷೆ, ಇಸಿಜಿ, ಎಕ್ಸ್‌ರೇ ಸಾಲಾಗಿ ನಡೆಯುತ್ತವೆ. ಬಾಯಿ ತೆರೆಸಿ ನೋಡುವವರು ಕಡಿಮೆ. ಹಲ್ಲಿನ ಮೇಲೆ ಕಟ್ಟಿಕೊಂಡ ಕೊಳೆಯಲ್ಲಿರುವ ಬ್ಯಾಕ್ಟೀರಿಯಾ ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಅರಿವಳಿಕೆಯ ಮಂಪರಿನಲ್ಲಿ ಕೆಮ್ಮುವ ಶಕ್ತಿ ಕುಂದಿರುವಾಗ ಹಾಗೆ ಇಳಿಯುವುದು ಸುಲಭ. ಹಲ್ಲುನೋವು, ಸಡಿಲವಾದ ಹಲ್ಲಿನ ಸೆಟ್ಟು (ಕಟ್ಟಿಸಿದ ಹಲ್ಲು), ಒಣಗಿದ ನಾಲಿಗೆ ಇರುವವರು ಸರಿಯಾಗಿ ಉಣ್ಣುವುದೂ ಇಲ್ಲ. ಉಣ್ಣದವರ ಗಾಯ ಬೇಗ ಮಾಯುವುದಿಲ್ಲ. ಅದಕ್ಕೇ ಬಾಯಿಯನ್ನೂ ಊಟವನ್ನೂ ಒಟ್ಟಿಗೆ ನೋಡಬೇಕು.

ಮುಂಚಿನ ವಾರಗಳಲ್ಲಿ

ತುರ್ತು ಆಪರೇಷನ್ ಅಲ್ಲದಿದ್ದರೆ ದಂತವೈದ್ಯರಲ್ಲಿಗೆ ಮೊದಲೇ ಹೋಗಿ ಬನ್ನಿ. ಹಲ್ಲು ಕೀಳಿಸಬೇಕಿದ್ದರೆ ಆ ಗಾಯ ಮಾಯಲು ಎರಡು ವಾರವಾದರೂ ಸಿಗಲಿ. ಹೃದಯದ ಕವಾಟ ಬದಲಿಸುವವರಿಗಂತೂ ಇದು ತಪ್ಪಲೇಬಾರದು: ಬಾಯಿಯ ಸೋಂಕು ರಕ್ತದಲ್ಲಿ ಸಾಗಿ ಹೊಸ ಕವಾಟದ ಮೇಲೆ ನೆಲೆ ನಿಲ್ಲಬಲ್ಲದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಅಲ್ಲಾಡುವ ಹಲ್ಲು, ಕ್ಯಾಪ್, ಬ್ರಿಡ್ಜ್ ಇದ್ದರೆ ಅರಿವಳಿಕೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಉಸಿರಾಟದ ಕೊಳವೆ ಹಾಕುವಾಗ ಹೆಚ್ಚಾಗಿ ಪೆಟ್ಟು ತಿನ್ನುವುದು ಮೇಲಿನ ಮುಂದಿನ ಹಲ್ಲುಗಳೇ.

ತೂಕದ ಲೆಕ್ಕ ಮನೆಯಲ್ಲೇ ಹಾಕಬಹುದು. ಆರು ತಿಂಗಳ ಹಿಂದೆ 60 ಕೆಜಿ ಇದ್ದವರು ಈಗ 54 ಕೆಜಿ ಇದ್ದರೆ, ಇಳಿದದ್ದು 6. 6ನ್ನು 60ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇ 10. ಪ್ರಯತ್ನಪಡದೆಯೇ ಇಷ್ಟು ಇಳಿದಿದ್ದರೆ, ಅಥವಾ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 18.5ಕ್ಕಿಂತ ಕಡಿಮೆ ಇದ್ದರೆ ಸರ್ಜನ್‌ಗೆ ತಿಳಿಸಲೇಬೇಕು. ತೀವ್ರ ಅಪೌಷ್ಟಿಕತೆ ಇದ್ದಾಗ 7ರಿಂದ 14 ದಿನ ಪೋಷಣೆ ಕೊಟ್ಟು ಆಮೇಲೆ ಆಪರೇಷನ್ ಮಾಡುವುದುಂಟು. ಮೈಯಲ್ಲಿ ನೀರು ತುಂಬಿದ್ದರೆ ತೂಕದ ಯಂತ್ರ ಮೋಸ ಮಾಡುತ್ತದೆ. ದಪ್ಪ ಇದ್ದವರೂ ಸ್ನಾಯು ಕಳೆದುಕೊಂಡಿರಬಹುದು. ನಿನ್ನೆ ಮೊನ್ನೆವರೆಗೆ ಸರಿಯಾಗಿ ಕೂರುತ್ತಿದ್ದ ಹಲ್ಲಿನ ಸೆಟ್ಟು ಈಗ ಮಾತಾಡುವಾಗ ಜಾರುತ್ತಿದೆ ಎಂದರೆ ಅದನ್ನೂ ತೂಕ ಇಳಿದ ಗುರುತಾಗಿ ನೋಡಿ.

ದಿನಕ್ಕೆ ದೇಹತೂಕದ ಪ್ರತಿ ಕೆಜಿಗೆ 1.2ರಿಂದ 1.5 ಗ್ರಾಂ ಪ್ರೋಟೀನ್, 25ರಿಂದ 30 ಕಿಲೋಕ್ಯಾಲರಿ ಬೇಕು. 60 ಕೆಜಿಯವರಿಗೆ ಅದು 72ರಿಂದ 90 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ, 200 ಮಿಲಿ ಹಾಲಿನಲ್ಲಿ ಸುಮಾರು 6 ಗ್ರಾಂ ಅಷ್ಟೆ. ಗಂಜಿ, ಜ್ಯೂಸ್ ಕುಡಿಸಿ ಈ ಲೆಕ್ಕ ತುಂಬಿಸಲಾಗದು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಪ್ರಮಾಣ ಹೆಚ್ಚಿಸಲಿ.

ಆಪರೇಷನ್ ದಿನ

ಸಾಮಾನ್ಯ ನಿಯಮ ಇದು: ಗಟ್ಟಿ ಆಹಾರ ಮತ್ತು ಹಾಲು 6 ಗಂಟೆ ಮೊದಲು ನಿಲ್ಲಬೇಕು, ನೀರಿನಂಥ ತಿಳಿ ದ್ರವ 2 ಗಂಟೆ ಮೊದಲು. ಹಾಲು ಹಾಕಿದ ಚಹಾ ತಿಳಿ ದ್ರವವಲ್ಲ. ನಿಮ್ಮ ವೈದ್ಯರು ಬೇರೆ ಸಮಯ ಹೇಳಿದ್ದರೆ ಅದೇ ಅಂತಿಮ. ಉಪವಾಸ ಎಂದು ಹಲ್ಲುಜ್ಜುವುದನ್ನು ಬಿಡಬೇಡಿ. ಉಜ್ಜಿ, ಬಾಯಿ ಮುಕ್ಕಳಿಸಿ, ನುಂಗದೆ ಉಗುಳಿ. ಕಳಚುವ ಸೆಟ್ಟನ್ನು ನೀರು ತುಂಬಿದ, ಹೆಸರು ಬರೆದ ಡಬ್ಬಿಯಲ್ಲಿಡಿ. ಕಾಗದದಲ್ಲಿ ಸುತ್ತಿ ದಿಂಬಿನ ಪಕ್ಕ ಇಟ್ಟದ್ದು ಕಸದ ಬುಟ್ಟಿ ಸೇರುತ್ತದೆ. ಬಿಸಿನೀರು ಹಾಕಿದರೆ ಸೆಟ್ಟು ಸೊಟ್ಟಗಾಗುತ್ತದೆ.

ಆಮೇಲೆ, ಹಾಸಿಗೆಯಲ್ಲಿ

ಬಾಯಿಂದ ಊಟವಿಲ್ಲದವರಿಗೆ ಬಾಯಿಯ ಆರೈಕೆ ಯಾಕೆ ಎಂದು ಅನೇಕರು ಕೇಳುತ್ತಾರೆ. ಅವರಿಗೇ ಅದು ಹೆಚ್ಚು ಬೇಕು. ಅಗಿಯುವುದು ನಿಂತರೆ ಜೊಲ್ಲು ಕಡಿಮೆಯಾಗುತ್ತದೆ, ಆಮ್ಲಜನಕದ ಮಾಸ್ಕು ಮತ್ತು ನೋವಿನ ಔಷಧಿ ಬಾಯಿಯನ್ನು ಇನ್ನೂ ಒಣಗಿಸುತ್ತವೆ. ಜೊಲ್ಲು ತೊಳೆದುಹಾಕುತ್ತಿದ್ದ ಕೊಳೆ ಈಗ ಅಲ್ಲೇ ಅಂಟಿ ಕೂರುತ್ತದೆ.

ರೋಗಿಗೆ ಕೈಲಾಗದಿದ್ದರೆ ನೀವು ಉಜ್ಜಿ. ವೈದ್ಯರು ಬೇಡವೆಂದಿಲ್ಲದಿದ್ದರೆ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತಿ, ಮುಖವನ್ನು ಒಂದು ಬದಿಗೆ ತಿರುಗಿಸಿ, ಗಲ್ಲದ ಕೆಳಗೆ ಟವೆಲ್ ಹಾಸಿ. ಮಕ್ಕಳ ಅಳತೆಯ ಮೃದು ಬ್ರಷ್ ಒಳಗೆ ಆಡಲು ಸಲೀಸು. ಅದನ್ನು ಒದ್ದೆ ಮಾಡಿ ಚೆನ್ನಾಗಿ ಕೊಡವಿ. ತೊಟ್ಟಿಕ್ಕುವ ನೀರೇ ಗಂಟಲಿಗೆ ಇಳಿಯುವುದು. ಪೇಸ್ಟು ಕಡಲೆಕಾಳಿಗಿಂತ ಚಿಕ್ಕದು ಸಾಕು. ಒಸಡು ಹಲ್ಲನ್ನು ಸೇರುವ ಗೆರೆಯ ಮೇಲೆ ಬ್ರಷ್ಷನ್ನು ಓರೆಯಾಗಿ ಇಟ್ಟು ಚಿಕ್ಕ ಚಿಕ್ಕದಾಗಿ ಅಲುಗಿಸಿ, ಹಿಂದಿನ ಹಲ್ಲಿನಿಂದ ಮುಂದಕ್ಕೆ ಬನ್ನಿ. ಕೊನೆಗೆ ನಾಲಿಗೆ, ತೀರಾ ಒಳಗೆ ಹೋದರೆ ವಾಂತಿ ಬರುತ್ತದೆ. ಸಡಿಲಗೊಂಡ ಕೊಳೆಯನ್ನು ಒದ್ದೆ ಗಾಜ್ ಬಟ್ಟೆಯಿಂದ ಒರೆಸಿ ಹೊರತೆಗೆಯದಿದ್ದರೆ ಉಜ್ಜಿದ್ದೇ ಅಪಾಯ. ಪ್ರಜ್ಞೆ ಇಲ್ಲದವರಿಗೆ, ಕೊಳವೆ ಹಾಕಿದವರಿಗೆ ಸಕ್ಷನ್, ಅಂದರೆ ಬಾಯಿಯ ದ್ರವವನ್ನು ಯಂತ್ರದಿಂದ ಹೀರಿ ತೆಗೆಯುವುದು, ಬೇಕು. ಅದು ನರ್ಸ್ ಕೆಲಸ. ಸ್ಪಂಜಿನ ಕಡ್ಡಿ ಬಾಯಿ ಒದ್ದೆ ಮಾಡುತ್ತದೆಯೇ ಹೊರತು ಹಲ್ಲಿನ ಕೊಳೆ ತೆಗೆಯುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಔಷಧಿ ಬರೆದುಕೊಟ್ಟಿದ್ದರೆ ಪೇಸ್ಟಿನಲ್ಲಿ ಉಜ್ಜಿ ಅರ್ಧ ಗಂಟೆ ಬಿಟ್ಟು ಬಳಸಿ, ಪೇಸ್ಟಿನ ನೊರೆ ಅದರ ಬಲ ಕುಂದಿಸುತ್ತದೆ. ಬಾಯಿ, ಗಂಟಲಿನ ಆಪರೇಷನ್ ಆದವರು ಮಾತ್ರ ಗಾಯದ ಹತ್ತಿರ ಬ್ರಷ್ ತಾಗಿಸುವ ಮುನ್ನ ಸರ್ಜನ್ ಒಪ್ಪಿಗೆ ಪಡೆಯಲಿ.

ಬಾಯಿಂದ ಕೊಡಲು ವೈದ್ಯರು ಹೇಳಿದ ಮೇಲೆ ಪೂರ್ತಿ ಎಚ್ಚರವಿರುವಾಗ, ನೆಟ್ಟಗೆ ಕೂರಿಸಿ, ಮೊದಲು ಒಂದು ಚಮಚ ನೀರು ಕೊಡಿ. ಕೆಮ್ಮು ಬಂದರೆ, ಅಥವಾ ಗಂಟಲಲ್ಲಿ ನೀರು ನಿಂತಂತೆ ದನಿ ಗೊರಗೊರ ಎಂದರೆ ನಿಲ್ಲಿಸಿ ತಿಳಿಸಿ. ಸರಿಹೋದರೆ ಮೆತ್ತನೆಯ ಊಟ, ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಐದಾರು ಬಾರಿ. ಪ್ರೋಟೀನ್ ಇರುವುದನ್ನು ಮೊದಲು ತಿನ್ನಿಸಿ, ಹೊಟ್ಟೆ ತುಂಬಿದ ಮೇಲೆ ಅದು ಹೋಗುವುದಿಲ್ಲ. ಊಟವಾದ ಅರ್ಧ ಗಂಟೆಯಾದರೂ ಕೂತೇ ಇರಲಿ. ಸಿಹಿ ಪೋಷಕ ಪೇಯವನ್ನು ದಿನವಿಡೀ ಗುಟುಕರಿಸುವವರು ಪ್ರತಿ ಸಲ ನೀರಿನಿಂದ ಬಾಯಿ ಮುಕ್ಕಳಿಸಲಿ. ಐದು ದಿನಕ್ಕಿಂತ ಹೆಚ್ಚು ಏನೂ ತಿನ್ನದಿದ್ದವರಿಗೆ ಒಮ್ಮೆಲೇ ಹೆಚ್ಚು ಉಣ್ಣಿಸಬೇಡಿ: ರಕ್ತದಲ್ಲಿನ ಫಾಸ್ಫೇಟ್ ಎಂಬ ಲವಣ ದಿಢೀರ್ ಕುಸಿದು ಹೃದಯಕ್ಕೆ ಅಪಾಯವಾಗಬಹುದು.

ಚೆನ್ನಾಗಿ ಉಣ್ಣುತ್ತಿದ್ದವರು ಇದ್ದಕ್ಕಿದ್ದಂತೆ ತಟ್ಟೆ ದೂರ ತಳ್ಳಿದರೆ ಟಾರ್ಚ್ ಹಿಡಿದು ಬಾಯಿ ನೋಡಿ. ಒರೆಸಿದರೆ ಕಿತ್ತು ಬಂದು ಕೆಳಗೆ ಕೆಂಪಗೆ ಕಾಣುವ ಬಿಳಿ ಪದರ ಇದ್ದರೆ ಅದು ಶಿಲೀಂಧ್ರದ ಸೋಂಕು ಇರಬಹುದು; ಆಂಟಿಬಯಾಟಿಕ್ ತೆಗೆದುಕೊಳ್ಳುವವರಲ್ಲಿ ಕಾಣುವಂಥದ್ದು. ಔಷಧಿಗೆ ಅದು ಗುಣವಾಗುತ್ತದೆ. ಸೆಟ್ಟು ಹಾಕುವವರಾದರೆ ಸೆಟ್ಟನ್ನೂ ಶುಚಿ ಮಾಡಿ ರಾತ್ರಿ ತೆಗೆದಿಡಿ, ಇಲ್ಲದಿದ್ದರೆ ಅದೇ ಸೋಂಕು ಮತ್ತೆ ಬರುತ್ತದೆ.