ಓಡ್ತಾ ಓಡ್ತಾ ಬೈಕ್ ನಿಂತರೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಹಳೇ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಬೈಕು ನವಲೂರು ಹತ್ತಿರ ನಿಂತುಬಿಟ್ಟರೆ ಸುಮ್ನೆ ಕಿಕ್ ಹೊಡೆಯುತ್ತಾ ಕೂರಬೇಡಿ. ಮೊದಲು ಪೆಟ್ರೋಲ್ ನಾಬ್ ರಿಸರ್ವ್‌ಗೆ ತಿರುಗಿಸಿ. ಆಗಲಿಲ್ವಾ? ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಸ್ ಅಂತ ಗಾಳಿ ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಗಾಡಿ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಧೂಳು ಕಟ್ಟಿದೆ ಅಂತಲೇ ಲೆಕ್ಕ.

ಮಳೆಗಾಲದಲ್ಲಿ ನನ್ನ ಅನುಮಾನ ನೀರಿನ ಮೇಲೆ. ಎಂಜಿನ್ ತಣ್ಣಗಾದ ಮೇಲೆ, ಬೀಡಿ ಸಿಗರೇಟು ದೂರವಿಟ್ಟು, ಕಾರ್ಬುರೇಟರ್ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ನೀರಿದ್ದರೆ ತಳದಲ್ಲಿ ಗುಂಡಗೆ ಹನಿಯಾಗಿ ಕೂರುತ್ತದೆ. ಅದೆಲ್ಲ ಹೋಗುವವರೆಗೂ ಹರಿಸಿ. ಕಾರ್ಬುರೇಟರ್ ಒಳಗಿನ ಜೆಟ್, ಅಂದ್ರೆ ಪೆಟ್ರೋಲ್ ಹೋಗುವ ಸಣ್ಣ ತೂತಿನ ಭಾಗ, ಕಟ್ಟಿಕೊಂಡಿದ್ದರೆ ಗಾಳಿ ಹೊಡೆಸಿ, ತಂತಿ ಮಾತ್ರ ತುರುಕಬೇಡಿ, ತೂತು ದೊಡ್ಡದಾದರೆ ಗಾಡಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. 2020ರ ನಂತರದ ಬಿಎಸ್6 (ಹೊಗೆ ಮಾಲಿನ್ಯದ ನಿಯಮ) ಬೈಕುಗಳಲ್ಲಿ ಸಾಮಾನ್ಯವಾಗಿ ಕಾರ್ಬುರೇಟರೇ ಇಲ್ಲ, ಅಲ್ವಾ? ಅಲ್ಲಿ ಎಂಜಿನ್‌ಗೆ ಪೆಟ್ರೋಲ್ ತಳ್ಳೋದು ಒಂದು ಕರೆಂಟ್ ಪಂಪು; ಕೀ ಆನ್ ಮಾಡಿದಾಗ ಅದರ ಗುಂಯ್ ಸದ್ದು ಬರದಿದ್ದರೆ ಮೊದಲು ಫ್ಯೂಸ್ ನೋಡಿ.