ಹಳೇ ಬಸ್ಸೋ, ಹೊಸ ಬಸ್ಸೋ? ಮನೆ ಮಾಡಲು ನಾವು ಆರಿಸಿದ್ದು

ಅಮೆರಿಕದ ಶಾಲೆಗಳು ತಮ್ಮ ಹಳದಿ ಬಸ್ಸುಗಳನ್ನು ಹನ್ನೆರಡು-ಹದಿನೈದು ವರ್ಷ ಓಡಿಸಿ ಹರಾಜಿಗೆ ಹಾಕುತ್ತವೆ. ಅದನ್ನು ಕೊಂಡು, ಸೀಟು ಕಿತ್ತು, ಒಳಗೆ ಅಡುಗೆಮನೆ, ಮಂಚ, ಬಚ್ಚಲು ಮಾಡಿಕೊಂಡು ಇರುವವರು ಇಲ್ಲಿ ಸಾಕಷ್ಟಿದ್ದಾರೆ. ಇಂಥ ಬಸ್ಸಿಗೆ ಇಲ್ಲಿ ಸ್ಕೂಲಿ ಅಂತಾರೆ. ನಾವು ಅರಿಜೋನಾದಲ್ಲಿ ಇರುವವರು. ಹುಡುಕಿ ಹುಡುಕಿ ಕೊನೆಗೆ ಎರಡು ಬಸ್ಸು ಉಳಿದವು. ಒಂದು 1997ರದ್ದು, ಶಾಲೆಯಿಂದ ಚರ್ಚ್ ಒಂದರ ಕೈಗೆ ಬಂದಿದ್ದು. ಇನ್ನೊಂದು 2009ರದ್ದು, ಮಿಡ್‌ವೆಸ್ಟ್ ಕಡೆಯಿಂದ, ಅಂದರೆ ಅಮೆರಿಕದ ಉತ್ತರ-ಮಧ್ಯ ಭಾಗದಿಂದ ತಂದು ಮಾರುತ್ತಿದ್ದ ವ್ಯಾಪಾರಿಯ ಬಳಿ ಇತ್ತು. ಹೊಸದರ ಬೆಲೆ ಹಳೇದರ ದುಪ್ಪಟ್ಟಿಗಿಂತ ಜಾಸ್ತಿ.

ನನ್ನ ಹೆಂಡತಿಗೆ ಹೊಸದೇ ಬೇಕಿತ್ತು. ಅವಳ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಏರ್ ಬ್ರೇಕ್ ಇರುವ ಬಸ್ಸುಗಳಿಗೆ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ, ಕಡ್ಡಾಯ ಆಗಿದ್ದು 1998ರ ಮಾರ್ಚ್‌ನಿಂದ. ನಮ್ಮ 1997ರ ಬಸ್ಸಿನಲ್ಲಿ ಅದು ಇರಲಿಲ್ಲ. ಹತ್ತು ವರ್ಷಕ್ಕಿಂತ ಹಳೇ ಗಾಡಿಯನ್ನು ಒಳಗೇ ಬಿಡದ ಖಾಸಗಿ ಆರ್‌ವಿ ಪಾರ್ಕ್‌ಗಳೂ (ಇಂಥ ಮನೆ-ಗಾಡಿ ನಿಲ್ಲಿಸಿ ಇರುವ ಜಾಗಗಳು) ಇವೆ. ಆದರೆ ಆ ಲೆಕ್ಕದಲ್ಲಿ 2009ರದ್ದಕ್ಕೂ ಹತ್ತು ವರ್ಷ ದಾಟಿತ್ತು, ಅಲ್ವಾ? ಬಾಡಿಯ ಗಟ್ಟಿತನದ ಬಗ್ಗೆ ಮಾತ್ರ ಅವಳಿಗೆ ಧೈರ್ಯ ಹೇಳಿದೆ. ಶಾಲಾ ಬಸ್ಸು ಉರುಳಿದರೂ ಚಾವಣಿ ಕುಸಿಯಬಾರದು, ತಗಡಿನ ಜೋಡಣೆ ಬಿಚ್ಚಿಕೊಳ್ಳಬಾರದು ಎಂಬ ನಿಯಮ 1977ರ ಏಪ್ರಿಲ್‌ನಿಂದಲೇ ಜಾರಿಯಲ್ಲಿದೆ. ಎರಡೂ ಬಸ್ಸು ಅದರ ನಂತರದವು.

ನನ್ನ ತಲೆ ತಿಂದಿದ್ದು ಹೊಗೆಯ ವಿಷಯ. 2007ರ ಮಾದರಿಯಿಂದ ಡೀಸೆಲ್ ಎಂಜಿನ್‌ಗಳಿಗೆ ಹೊಗೆ ನಿಯಮ ಬಿಗಿಯಾಯಿತು. ಸೈಲೆನ್ಸರ್ ಕಡೆ ಒಂದು ಫಿಲ್ಟರ್ ಬಂತು. ಡಿಪಿಎಫ್ ಅಂತಾರೆ. ಅದು ಮಸಿಯನ್ನು ಹಿಡಿದಿಟ್ಟುಕೊಂಡು, ಆಗಾಗ ತುಂಬಾ ಬಿಸಿಯಾಗಿ ಆ ಮಸಿಯನ್ನು ಸುಟ್ಟುಹಾಕುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡುವ ಲಾರಿಗೆ ಇದು ಸರಿ. ಶಾಲಾ ಬಸ್ಸು ಮನೆಮನೆಗೆ ನಿಂತು ನಿಂತು ಓಡುವಂಥದ್ದು. ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹೊಸ ಫಿಲ್ಟರ್‌ಗೆ ಸಾವಿರಾರು ಡಾಲರ್. ಕಿತ್ತುಹಾಕೋಣ ಅಂದರೆ ಫೆಡರಲ್ ಕಾನೂನಿನ ಪ್ರಕಾರ ಹಾಗೆ ಮಾಡುವಂತಿಲ್ಲ. 2010ರ ನಂತರದ ಬಹುಪಾಲು ಬಸ್ಸುಗಳಿಗೆ ಹೊಗೆ ಶುದ್ಧ ಮಾಡುವ ಯೂರಿಯಾ ದ್ರಾವಣದ ಟ್ಯಾಂಕು, ಅದರ ಪಂಪು, ಸೆನ್ಸರ್ ಕೂಡ ಸೇರಿಕೊಂಡವು. ಶಾಲೆಗೆ ಸ್ವಂತ ವರ್ಕ್‌ಶಾಪ್ ಇರುತ್ತದೆ, ಕಂಪ್ಯೂಟರ್ ಹಚ್ಚಿ ನೋಡುವ ಮೆಕ್ಯಾನಿಕ್ ಇರುತ್ತಾನೆ. ಮರುಭೂಮಿಯ ನಡುವೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿದರೆ ನಮಗೆ ಯಾರಿದ್ದಾರೆ?

ಹಾಗಂತ ಹಳೇದೆಲ್ಲ ಒಳ್ಳೆಯದು ಅಂತಲೂ ಅಲ್ಲ. ತೊಂಬತ್ತರ ದಶಕದ ಎಷ್ಟೋ ಬಸ್ಸುಗಳಲ್ಲಿ ಆಲಿಸನ್ ಎಟಿ545 ಗೇರ್‌ಬಾಕ್ಸ್ ಇದೆ. ಅದಕ್ಕೆ ಲಾಕ್‌ಅಪ್ ಇಲ್ಲ, ಅಂದರೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಜಾರದಂತೆ ನೇರ ಬೆಸೆಯುವ ಕ್ಲಚ್ ಇಲ್ಲ. ಹಾಗಾಗಿ ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗೆ ಆಯಿಲ್ ಸದಾ ಜಾರುತ್ತಲೇ ಇರುತ್ತದೆ. ಏರಿನಲ್ಲಿ ಎಂಜಿನ್ ಅರಚುತ್ತದೆ, ಬಸ್ಸು ಮುಂದೆ ಹೋಗುವುದಿಲ್ಲ, ಗೇರ್ ಆಯಿಲ್ ಕಾಯುತ್ತದೆ. ಊರೊಳಗಿನ ಓಡಾಟಕ್ಕೆ ಅದು ಸಾಕು. ಆದರೆ ನಾವು ಬೇಸಿಗೆಯಲ್ಲಿ ಫೀನಿಕ್ಸ್ ಬಿಟ್ಟು ಫ್ಲ್ಯಾಗ್‌ಸ್ಟಾಫ್‌ಗೆ ಹೋಗುವವರು. ಐ-17 ಹೆದ್ದಾರಿ ಸುಮಾರು 330 ಮೀಟರ್ ಎತ್ತರದಿಂದ 2,100 ಮೀಟರಿಗೆ ಹತ್ತುತ್ತದೆ. ತುಂಬಿದ ಬಸ್ಸಿನಲ್ಲಿ ಶಿರಾಡಿ ಘಾಟ್ ಹತ್ತಿದವರಿಗೆ ನಾನೇನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಚರ್ಚಿನ ಬಸ್ಸಿನಲ್ಲಿ ಇದ್ದದ್ದು ಆಲಿಸನ್‌ನದೇ ಎಂಟಿ643. ಅದಕ್ಕೆ ಲಾಕ್‌ಅಪ್ ಇದೆ. ಗೇರ್‌ಬಾಕ್ಸಿನ ಪ್ಲೇಟ್ ಮೇಲೆ ನಂಬರ್ ಓದಿ ಖಾತ್ರಿ ಮಾಡಿಕೊಂಡೆ. ಮಾರುವವರ ಬಾಯಿಮಾತು ನಂಬಿ ಕೂರಬೇಡಿ.

ಅದರ ಎಂಜಿನ್ ಇಂಟರ್‌ನ್ಯಾಷನಲ್ ಕಂಪನಿಯ ಡಿಟಿ466ಇ. ಕಂಪ್ಯೂಟರ್ ಒಂದಿದೆ, ಆದರೆ ಫಿಲ್ಟರಿನ ರಗಳೆ ಇಲ್ಲ. ಮುಖ್ಯ ವಿಷಯ ಅಂದರೆ ಇದರ ಲೈನರ್, ಅಂದರೆ ಪಿಸ್ಟನ್ ಓಡುವ ಸಿಲಿಂಡರಿನ ಒಳಕೊಳವೆ, ಬಿಚ್ಚಬಹುದು. ಎಂಜಿನ್ ಸವೆದು ಬೋರ್‌ಗೆ ಬಂದರೂ ಚಾಸಿಯಿಂದ ಇಳಿಸದೇ ಲೈನರ್, ಪಿಸ್ಟನ್ ಬದಲಿಸಿ ಓವರ್‌ಹಾಲ್ ಮಾಡಬಹುದು. ಆ ಕಾಲದ ಕಮಿನ್ಸ್ 5.9 ಕೂಡ ಗಟ್ಟಿ ಎಂಜಿನ್. ಅದರಲ್ಲಿ ಲೈನರ್ ಇಲ್ಲ, ಬ್ಲಾಕನ್ನೇ ಕೊರೆಸಬೇಕು. ಹನ್ನೆರಡು ವಾಲ್ವಿನದು ಸಿಕ್ಕರೆ ಮುಂದಿನ ಟೈಮಿಂಗ್ ಕೇಸ್‌ನೊಳಗಿನ ಡೋವೆಲ್ ಪಿನ್ (ಒಂದು ಸಣ್ಣ ಲೋಹದ ಕಡ್ಡಿ) ಭದ್ರ ಮಾಡಿಸಿದ್ದಾರಾ ಅಂತ ಕೇಳಿ. ಅದು ಸಡಿಲವಾಗಿ ಗೇರ್‌ಗಳ ನಡುವೆ ಬಿದ್ದರೆ ಎಂಜಿನ್ ಕಥೆ ಮುಗಿಯಿತು.

ದಾವಣಗೆರೆಯಲ್ಲಿ ಲಾರಿ ಗ್ಯಾರೇಜ್ ನಡೆಸಿದ ಸೋದರಮಾವನಿಗೆ ವಿಡಿಯೋ ಕಾಲ್ ಮಾಡಿದ್ದೆ. ನಾನು ಇಸವಿ, ಮಾಡೆಲ್ ಅಂತ ಶುರು ಮಾಡಿದರೆ ಮಾವ ತಡೆದರು. "ಅದೆಲ್ಲ ಆಮೇಲೆ ಹೇಳಪ್ಪ. ಎಂಜಿನ್ ಓಡ್ತಿರಲಿ, ಆಯಿಲ್ ಹಾಕೋ ಮುಚ್ಚಳ ತೆಗೆದು ತೋರಿಸು." ತೆಗೆದೆ. ತೆಳ್ಳಗೆ ಒಂಚೂರು ಆವಿ ಬಂತು, ಬುಸುಬುಸು ಅಂತ ಹೊಗೆ ತಳ್ಳಲಿಲ್ಲ. "ಪಿಸ್ಟನ್ ರಿಂಗ್ ಚೆನ್ನಾಗಿದಾವೆ. ಈಗ ಕೆಳಗೆ ನುಗ್ಗಿ ಚಾಸಿ ತೋರಿಸು" ಅಂದರು.

ಚಾಸಿ ಕೆಳಗೇ ತೀರ್ಮಾನ ಆಗಿದ್ದು. ಮಿಡ್‌ವೆಸ್ಟ್‌ನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. 2009ರ ಬಸ್ಸಿನ ಕೆಳಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. ಹಿಂದಿನ ಚಕ್ರದ ಮೇಲ್ಭಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದೆ, ಹಪ್ಪಳದ ಹಾಗೆ ಮುರಿದು ಒಳಗೆ ಹೋಯಿತು. ಬಾಗಿಲ ಮೆಟ್ಟಿಲೂ ಹಾಗೇ. ಒಳಗಿನ ರಬ್ಬರ್ ಹಾಸಿನ ಕೆಳಗೆ ಪ್ಲೈವುಡ್, ಅದರ ಕೆಳಗೆ ತಗಡು. ಆ ತಗಡು ಹೇಗಿರಬಹುದು ಅಂತ ಊಹಿಸಲು ಕಷ್ಟವಿರಲಿಲ್ಲ. ಅರಿಜೋನಾ ಬಿಟ್ಟು ಹೋಗದ 1997ರ ಬಸ್ಸಿನ ಬೋಲ್ಟುಗಳ ಮೇಲೆ ಕಂಪನಿಯ ಬಣ್ಣ ಇನ್ನೂ ಉಳಿದಿತ್ತು. ಬಿಸಿಲಿಗೆ ಕಿಟಕಿಯ ರಬ್ಬರು ಮಾತ್ರ ಬಿರುಕು ಬಿಟ್ಟಿತ್ತು. ಅದು ದುಡ್ಡಿನಿಂದ ಮುಗಿಯುವ ಕೆಲಸ. ಎಂಜಿನ್, ಗೇರ್‌ಬಾಕ್ಸ್ ಬದಲಿಸಬಹುದು, ಕೊಳೆತ ಬಾಡಿ ಮೇಲೆ ಮನೆ ಕಟ್ಟಲು ಆಗುವುದಿಲ್ಲ. ಇದನ್ನೆಲ್ಲ ನೋಡಿದ ಮೇಲೆ ಹೆಂಡತಿಯೂ ವಾದ ಮಾಡಲಿಲ್ಲ.

ಇನ್ನೊಂದು ವಿಷಯ, ಒಳಗಿನ ಎತ್ತರ. ಶಾಲಾ ಬಸ್ಸುಗಳಲ್ಲಿ ಆರು ಅಡಿಯವೂ ಇವೆ, ಆರೂವರೆ ಅಡಿಯವೂ ಇವೆ. ನೆಲಕ್ಕೆ, ಚಾವಣಿಗೆ ಇನ್ಸುಲೇಷನ್ ಹಾಕಿದರೆ ಎರಡು-ಮೂರು ಇಂಚು ಹೋಗುತ್ತದೆ. ಟೇಪ್ ಹಿಡಿದು ಅಳೆದೇ ಕೊಳ್ಳಿ.

ಉಳಿದ ದುಡ್ಡನ್ನು ಮೊದಲು ಟೈರಿಗೆ ಹಾಕಿದೆವು. ಚರ್ಚಿನವರು ಓಡಿಸಿದ್ದೇ ಕಡಿಮೆ, ಹಾಗಾಗಿ ಟೈರಿನ ಬಟನ್ ಸವೆದಿರಲಿಲ್ಲ. ಆದರೆ ಟೈರಿನ ಪಕ್ಕದಲ್ಲಿರುವ ಕೊನೆಯ ನಾಲ್ಕು ಅಂಕಿ, ಅಂದರೆ ತಯಾರಾದ ವಾರ ಮತ್ತು ವರ್ಷ, ಬೇರೆಯೇ ಕಥೆ ಹೇಳುತ್ತಿತ್ತು. ಆರೂ ಟೈರ್ ಬದಲಿಸಿ, ಆಮೇಲೆ ಬ್ರೇಕು, ರೇಡಿಯೇಟರ್ ಹೋಸು ಮಾಡಿಸಿದೆವು. ಎಬಿಎಸ್ ಇಲ್ಲದ ಗಾಡಿಯಲ್ಲಿ ಇದಕ್ಕೆ ಚೌಕಾಸಿ ಸಲ್ಲದು.

ಕಾಗದಪತ್ರದ ಕೆಲಸ ಕೊನೆಗೆ ಬಂತು. ಶಾಲಾ ಬಸ್ಸಿನ ಹಳದಿ ಬಣ್ಣ ನಿಗದಿಯಾಗಿದ್ದು 1939ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸೇರಿದ ಒಂದು ಸಭೆಯಲ್ಲಿ. ಈಗ ಎಷ್ಟೋ ರಾಜ್ಯಗಳಲ್ಲಿ ಖಾಸಗಿಯವರು ಆ ಬಣ್ಣದಲ್ಲಿ ಓಡಿಸುವ ಹಾಗಿಲ್ಲ. ಬೇರೆ ಬಣ್ಣ ಬಳಿದೆವು, ಮಿನುಗುವ ದೀಪ, ಸ್ಟಾಪ್ ಫಲಕ ತೆಗೆದೆವು, ಮೋಟರ್‌ಹೋಮ್ ಅಂತ ನೋಂದಣಿ ಬದಲಿಸಿದೆವು. ವಿಮೆಯವರಿಗೆ ಒಳಗಿನ ಒಲೆ, ಮಂಚ, ವೈರಿಂಗ್ ಎಲ್ಲದರ ಫೋಟೋ ಬೇಕಾಯಿತು. ಹೊಸ ಬಸ್ ಕೊಂಡಿದ್ದರೂ ಈ ಓಡಾಟ ಇಷ್ಟೇ ಇರುತ್ತಿತ್ತು.