ಲೇಟಾಗಿ ಬಂದ ಲೋಡ್ ಇಳಿಸ್ಕೊಳೋ ಮುಂಚೆ ಒಂದು ಸಾಲು ಬರೀರಿ

ಲಾಯರ್ ಆಫೀಸಲ್ಲಿ ಫೈಲ್ ಕಟ್ಟೋದು ನನ್ನ ಕೆಲಸ. ಪ್ರತಿ ವರ್ಷ ದೀಪಾವಳಿ ಮುಗಿದ ವಾರ ಒಂದೇ ಥರದ ಗೋಳು ಬರುತ್ತೆ. ಸ್ವೀಟ್ ಅಂಗಡಿಯೋರು ಗಿಫ್ಟ್ ಬಾಕ್ಸ್‌ಗೆ ಆರ್ಡರ್ ಕೊಟ್ಟಿರ್ತಾರೆ, ಹಬ್ಬಕ್ಕೆ ಹತ್ತು ದಿನ ಮುಂಚೆ ಬರಬೇಕಿದ್ದ ಲೋಡು ಹಿಂದಿನ ದಿನ ಸಾಯಂಕಾಲ ಬರುತ್ತೆ, ಇವ್ರು ಡ್ರೈವರ್‌ಗೆ ಬಾಯಿಗೆ ಬಂದಂಗೆ ಬೈದು, ಕೊನೆಗೆ ಇಳಿಸ್ಕೊಂಡು, ಮಾಲಿನ ಜೊತೆ ಬಂದ ಡೆಲಿವರಿ ಚಲನ್‌ಗೆ ಸೈನ್ ಹಾಕಿ ಕಳಿಸ್ತಾರೆ. ಬೈದಿದ್ದಕ್ಕೆ ಸಾಕ್ಷಿ ಇರಲ್ಲ, ಸೈನ್‌ಗೆ ಇರುತ್ತೆ.

ಮೊದಲ ಕೆಲಸ, ಕಾಗದ ಪತ್ರ ಒಂದ್ಕಡೆ ಸೇರಿಸಿ. ಪಿಒ (ನೀವು ಕೊಟ್ಟ ಪರ್ಚೇಸ್ ಆರ್ಡರ್), ಕೊಟೇಶನ್, ಅಡ್ವಾನ್ಸ್ ಕಟ್ಟಿದ ಬ್ಯಾಂಕ್ ಎಂಟ್ರಿ, ವಾಟ್ಸಾಪ್ ಮಾತುಕತೆ. ಸ್ಟ್ಯಾಂಪ್ ಪೇಪರ್ ಅಗ್ರಿಮೆಂಟ್ ಇಲ್ವಲ್ಲ ಅಂತ ಹೆದರೋರೇ ಜಾಸ್ತಿ, ಪಿಒ ಮತ್ತೆ ಅದಕ್ಕೆ ಅವರು ಓಕೆ ಅಂದಿರೋ ಮೆಸೇಜೂ ಒಪ್ಪಂದನೇ. ಸ್ಕ್ರೀನ್‌ಶಾಟ್ ಇದ್ರೆ ಸಾಕು ಅಂತ ಹಳೇ ಫೋನ್ ಮಾರಬೇಡಿ.

ಈಗ ಎಲ್ರೂ ಎಡವೋ ಜಾಗ. 1872ರ ಕಾಂಟ್ರಾಕ್ಟ್ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಟೈಮೇ ಮುಖ್ಯ ಅನ್ನೋ ಒಪ್ಪಂದದಲ್ಲಿ ಲೇಟಾಗಿ ಬಂದ ಮಾಲನ್ನ ನೀವು ಸುಮ್ನೆ ತಗೊಂಡ್ರೆ, ಆ ಲೇಟಿಂದ ಆದ ನಷ್ಟ ಆಮೇಲೆ ಕೇಳೋ ಹಂಗಿಲ್ಲ; ತಗೊಳೋ ಹೊತ್ತಲ್ಲೇ 'ನಷ್ಟ ಕೇಳ್ತೀನಿ' ಅಂತ ಹೇಳಿರಬೇಕು. ಆ ಹೊತ್ತಲ್ಲೇ, ವಾರ ಬಿಟ್ಟಲ್ಲ. ಅದಕ್ಕೆ ಲಾರಿ ಬಾಗಿಲಿಗೆ ಬಂದಾಗ ಚಲನ್‌ನ ಎರಡೂ ಕಾಪಿ ಮೇಲೆ ಪೆನ್ನಲ್ಲಿ ಬರೀರಿ: 'ಇಂಥ ತಾರೀಖಿಗೆ ಬರಬೇಕಿತ್ತು, ಇವತ್ತು ಬಂದಿದೆ, ತಡದಿಂದ ಆದ ನಷ್ಟ ಕೇಳುವ ಹಕ್ಕು ಉಳಿಸಿಕೊಂಡು ಪಡೆದಿದ್ದೇನೆ.' ಡ್ರೈವರ್ ಬೇಡ ಅಂದ್ರೂ ಬರೀರಿ, ಫೋಟೋ ತೆಗೆದು ಅಲ್ಲೇ ನಿಂತ್ಕೊಂಡು ಸಪ್ಲೈಯರ್‌ಗೆ ವಾಟ್ಸಾಪ್ ಮಾಡಿ, ಇಮೇಲೂ ಹಾಕಿ, ಆಮೇಲೆ ಲೋಡ್ ಇಳಿಸಿ. 'ಪರವಾಗಿಲ್ಲ ಬಿಡಿ, ನೆಕ್ಸ್ಟ್ ಟೈಮ್ ನೋಡ್ಕೊಳಿ' ಅಂತ ಮಾತ್ರ ಟೈಪ್ ಮಾಡಬೇಡಿ, ಎದುರಿನ ಲಾಯರ್ ಆ ಸಾಲನ್ನೇ ಕೋರ್ಟಲ್ಲಿ ಓದ್ತಾರೆ. ಇದೆಲ್ಲ ಗಟ್ಟಿ ನಿಲ್ಲಬೇಕು ಅಂದ್ರೆ ಪಿಒನಲ್ಲಿ ತಾರೀಖಿನ ಜೊತೆಗೆ 'ದೀಪಾವಳಿ ಮಾರಾಟಕ್ಕೆ, ತಡವಾದರೆ ಉಪಯೋಗವಿಲ್ಲ' ಅಂತ ಇರಬೇಕು, ಹಬ್ಬದ ವ್ಯಾಪಾರದ ಲಾಭ ಹೋಯ್ತು ಅಂತ ಕೇಳೋಕೂ ಅದೇ ಸಾಲು ಆಧಾರ.

ಮಾಲು ಬರಲೇ ಇಲ್ವಾ? ಬೇರೆ ಕಡೆ ತಗೊಳಿ, ಕೈಕಟ್ಟಿ ಕೂತ್ರೆ ನಷ್ಟ ತಪ್ಪಿಸೋ ದಾರಿ ಇತ್ತಲ್ಲ ಅಂತ ಅದೇ ಕಾಯ್ದೆಯ 73ನೇ ಸೆಕ್ಷನ್ ಕೇಳುತ್ತೆ. 22 ರೂಪಾಯಿಗೆ ಒಪ್ಪಿದ್ದ ಬಾಕ್ಸ್ ಬೇರೆ ಕಡೆ 27ಕ್ಕೆ ಸಿಕ್ತು, 10,000 ಬಾಕ್ಸ್‌ಗೆ ವ್ಯತ್ಯಾಸ 50,000 ರೂಪಾಯಿ, ಬಿಲ್ ಇಟ್ಕೊಳಿ. ದಿನಕ್ಕಿಷ್ಟು ದಂಡ ಅಂತ ಬರೆಸ್ಕೊಂಡಿದ್ರೂ ಅಷ್ಟೂ ಸಿಗುತ್ತೆ ಅಂದ್ಕೋಬೇಡಿ, 74ನೇ ಸೆಕ್ಷನ್ ಪ್ರಕಾರ ಆ ಮೊತ್ತದೊಳಗೆ ನ್ಯಾಯವಾದಷ್ಟೇ.

ನಷ್ಟ ಕೇಳಿ ಸಪ್ಲೈಯರ್‌ಗೆ ಕಳಿಸೋ ಲಾಯರ್ ನೋಟಿಸ್ ಒಂದು ಪುಟ ಸಾಕು: ಏನು ಒಪ್ಪಿದ್ರು, ಏನು ತಪ್ಪಿದ್ರು, ಎಷ್ಟು ಕೊಡಬೇಕು, ಎಷ್ಟು ದಿನದಲ್ಲಿ. ನಾನು ಹದಿನೈದು ದಿನ ಹಾಕಿಸ್ತೀನಿ. ಆನ್‌ಲೈನಲ್ಲಿ ಸಿಗೋ ರೆಡಿಮೇಡ್ ನೋಟಿಸ್ ತಂದು, ಮಾನಸಿಕ ಯಾತನೆಗೆ 50 ಲಕ್ಷ ಅಂತ ಸೇರಿಸ್ಕೊಂಡು ಬರ್ತಾರೆ, ಅದನ್ನ ನೋಡಿ ಆ ಕಡೆಯೋರು ನಗ್ತಾರೆ ಅಷ್ಟೇ. ಪೊಲೀಸ್ ಸ್ಟೇಷನ್ ಶಾರ್ಟ್‌ಕಟ್ಟೂ ಬೇಡ, ಶುರುವಿಂದಲೇ ಮೋಸದ ಉದ್ದೇಶ ಇರದಿದ್ರೆ ಇದು ಸಿವಿಲ್ ವಿಷಯ ಅಂತ ವಾಪಸ್ ಕಳಿಸ್ತಾರೆ.

ದಾವೆಗೆ ಒಪ್ಪಂದ ಮುರಿದ ದಿನದಿಂದ ಮೂರು ವರ್ಷ ಟೈಮಿದೆ. ಫೋನಲ್ಲಿ 'ಕೊಡ್ತೀನಿ ಸಾರ್' ಅಂದಿದ್ದಕ್ಕೆ ಅದು ಮುಂದಕ್ಕೆ ಹೋಗಲ್ಲ. ವ್ಯಾಪಾರದ ಜಗಳ 3 ಲಕ್ಷ ಅಥವಾ ಅದಕ್ಕಿಂತ ಮೇಲಿದ್ದು, ತಡೆಯಾಜ್ಞೆ ಥರ ಅರ್ಜೆಂಟ್ ಏನೂ ಬೇಡ ಅಂದ್ರೆ, ಮೊದಲು ಮಧ್ಯಸ್ಥಿಕೆಗೆ (ಮೀಡಿಯೇಶನ್) ಅರ್ಜಿ ಹಾಕಲೇಬೇಕು, ಇಲ್ಲಾಂದ್ರೆ ದಾವೆನೇ ನಿಲ್ಲಲ್ಲ, 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಎಷ್ಟೋ ಜಗಳ ಅಲ್ಲೇ ಮುಗಿಯುತ್ತೆ. ಆಗ 'ಇನ್ನೇನೂ ಬಾಕಿ ಇಲ್ಲ' ಅನ್ನೋ ಲೆಟರ್ ಮುಂದೆ ಇಡ್ತಾರೆ. ದುಡ್ಡು ಅಕೌಂಟಿಗೆ ಬಿದ್ದ ಮೆಸೇಜ್ ಬರೋವರ್ಗೂ ಪೆನ್ನು ಜೇಬಲ್ಲೇ ಇರಲಿ.